ಅತ್ತಿಗೆ ಬರೆಯದ ವಾಕ್ಯ

ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ‘ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆಗೆ ಮಕ್ಕಳು ಬರೆಯುವ ಉತ್ತರ ತಿದ್ದಿ ತಿದ್ದಿ ನನಗೆ ಸಾಕಾಗಿದೆ. ‘ಶಾಲೆ’ ಕೊಟ್ಟರೆ ನಾನು ಶಾಲೆಗೆ ಹೋಗುತ್ತೇನೆ, ‘ಪರೀಕ್ಷೆ’ ಕೊಟ್ಟರೆ ನಾನು ಪರೀಕ್ಷೆಗೆ ಹೋಗುತ್ತೇನೆ. ‘ಮೋಸ’ ಕೊಟ್ಟಾಗ ನಾನು ಮೋಸಕ್ಕೆ ಹೋಗುತ್ತೇನೆ ಎಂದು ಬರೆದವರೂ ಇದ್ದಾರೆ. ಅದರಲ್ಲಿ ಸ್ವಂತದ್ದು ಏನೂ ಇರುವುದಿಲ್ಲ, ಬೈದರೆ ಹಲ್ಲು ಕಿರಿಯುತ್ತಾರೆ.

ಹಾಗಾಗಿ ನನ್ನ ಅತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕೂರುತ್ತೇನೆ, ಕನ್ನಡ ನೀನೇ ಹೇಳಿಕೊಡಬೇಕು ಎಂದಾಗ ನನಗೆ ಖುಷಿಗಿಂತ ಮೊದಲು ಸುಸ್ತಾಯಿತು. ಭಾನುವಾರವೂ ಇದೇ ಪಾಡೇ ಎನಿಸಿತು. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಬೆಳಿಗ್ಗೆ ಬೇಗ ಎದ್ದು ಡಬ್ಬಿ ಕಟ್ಟಿಕೊಟ್ಟವರು ಅವರು. ನನ್ನ ಓದಿನ ಹಿಂದೆ ಅವರ ಅಡುಗೆಮನೆಯ ದುಡಿಮೆ ಇದೆ.

ಅತ್ತಿಗೆ ಭದ್ರಾವತಿಯ ಜನ್ನಾಪುರದಲ್ಲಿ ಅಂಗನವಾಡಿ ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವುದು, ಅಡುಗೆ, ಪಾತ್ರೆ, ಮೂಗು ಒರೆಸುವುದು ಎಲ್ಲ ಅವರ ಕೆಲಸ. ಅಲ್ಲಿನ ಟೀಚರಿಗೆ ಮಂಡಿನೋವು, ಆದ್ದರಿಂದ ಹಾಡು ಹೇಳಿಕೊಡುವುದೂ ಕುಣಿಯುವುದೂ ಇವರೇ. ಕೆಲವು ಮನೆಗಳ ಮಕ್ಕಳಿಗೆ ತಮಿಳು ಬಿಟ್ಟರೆ ಬೇರೆ ಬರುವುದಿಲ್ಲ. ಅವರ ಜೊತೆ ಹರಕುಮುರುಕು ತಮಿಳಿನಲ್ಲಿ ಶುರು ಮಾಡಿ ತಿಂಗಳೊಳಗೆ ಕನ್ನಡಕ್ಕೆ ತಂದುಬಿಡುತ್ತಾರೆ. ಒಂದು ದಿನ ಟೀಚರ್ ಆಗಬೇಕೆಂಬುದು ಅವರ ಆಸೆ. ಮೊದಲು ಹತ್ತನೆಯದು, ಆಮೇಲೆ ಪಿಯುಸಿ, ಆಮೇಲೆ ಆ ಕುರ್ಚಿ. ಹತ್ತು ಪಾಸಾಗದಿದ್ದರೆ ಮುಂದಿನ ಯಾವುದೂ ಇಲ್ಲ.

ಅವರ ತವರು ಕುಂಸಿಯ ಕಡೆ. ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಹುಡುಗಿ ಎಷ್ಟು ಓದಿದ್ದಾಳೆ ಎಂದು ನಮ್ಮವರು ಕೇಳಿದಾಗ ಅವರ ಸೋದರಮಾವ, “ಎಸ್ಸೆಸ್ಸೆಲ್ಸಿವರೆಗೆ ಓದಿದಾಳೆ” ಎಂದರು. ‘ವರೆಗೆ’ ಎಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾರೂ ಮುಂದೆ ಕೇಳಲಿಲ್ಲ, ಕೇಳದಿರುವುದೇ ಮರ್ಯಾದೆ. ಉಪ್ಪಿಟ್ಟು ತಿಂದು, ಒಪ್ಪಿಗೆ ಎಂದು ಹೇಳಿ ಬಂದೆವು.

ಪಾಠ ಚೆನ್ನಾಗಿಯೇ ನಡೆಯಿತು. ಭಾನುವಾರ ಊಟ ಮುಗಿಸಿ ಬಸ್ಸು ಹತ್ತಿದರೆ ಮಲವಗೊಪ್ಪ ದಾಟುವಷ್ಟರಲ್ಲಿ ನನಗೆ ತೂಕಡಿಕೆ. ಅಲ್ಲಿ ಹೋಗಿ ನೋಡಿದರೆ ಅತ್ತಿಗೆ ತಲೆ ಬಾಚಿ, ಪುಸ್ತಕ ಜೋಡಿಸಿಕೊಂಡು ಕಾಯುತ್ತಿರುತ್ತಿದ್ದರು. ಓದಿನ ವಿಷಯದ ಕೆಲವು ಪದ ಕೊಟ್ಟು ಸ್ವಂತ ವಾಕ್ಯ ಬರೆಯಲು ಹೇಳಿದೆ. ‘ಹಾಜರಿ’ಗೆ ಅವರು ಬರೆದದ್ದು ಹೀಗೆ: ಮೊಟ್ಟೆ ಕೊಡುವ ದಿನ ಅಂಗನವಾಡಿಯಲ್ಲಿ ಹಾಜರಿ ಜಾಸ್ತಿ ಇರುತ್ತದೆ. ‘ರಜೆ’ಗೆ: ಮಕ್ಕಳಿಗೆ ರಜೆ ಕೊಟ್ಟ ದಿನ ನನಗೆ ಹೊತ್ತೇ ಹೋಗುವುದಿಲ್ಲ. ನನಗೆ ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಯಿತು. ವರ್ಷಗಟ್ಟಲೆ ನಾನು ಕಾದಿದ್ದ ಸ್ವಂತ ವಾಕ್ಯಗಳು ಇಲ್ಲಿದ್ದವು.

‘ಅನುತ್ತೀರ್ಣ’ ಎಂಬ ಪದದ ಮುಂದೆ ಮಾತ್ರ ಖಾಲಿ ಜಾಗ.

“ಇದು ಗೊತ್ತಾಗಲಿಲ್ವಾ ಅತ್ತಿಗೆ? ಫೇಲು ಅಂತ.”

“ಅರ್ಥ ಗೊತ್ತು.”

“ಮತ್ತೆ ಬರೀರಿ. ಪರೀಕ್ಷೆಗೆ ಬಂದ್ರೆ ಸುಮ್ನೆ ಅಂಕ ಹೋಗುತ್ತೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಯಾರನ್ನ ಫೇಲ್ ಮಾಡ್ಲಿ, ಹೇಳು.”

“ಯಾರನ್ನಾದ್ರೂ ಮಾಡಿ. ಒಬ್ಬ ಹುಡುಗ ಅನುತ್ತೀರ್ಣನಾದನು ಅಂತ ಬರೆದ್ರೆ ಮುಗೀತು.”

“ಯಾವ ಹುಡುಗ?”

“ಅಯ್ಯೋ, ಇಲ್ಲದ ಹುಡುಗ ಅತ್ತಿಗೆ. ವಾಕ್ಯಕ್ಕೋಸ್ಕರ.”

“ಇಲ್ಲದ ಹುಡುಗನಿಗೂ ಒಬ್ಬಳು ತಾಯಿ ಇರ್ತಾಳಲ್ಲ ಮಾರಾಯ್ತಿ. ಬಿಡ್ತು ಅನ್ನು.”

ಕೆಟ್ಟ ಮಾತು ಬಾಯಿಂದ ಬಂದರೆ ‘ಬಿಡ್ತು’ ಎನ್ನಬೇಕು, ಇಲ್ಲದಿದ್ದರೆ ಮೇಲೆ ಓಡಾಡುವ ದೇವತೆಗಳು ಅಸ್ತು ಎಂದುಬಿಡುತ್ತಾರೆ. ಚಿಕ್ಕಂದಿನಿಂದ ಕೇಳಿ ಬೆಳೆದದ್ದೇ. ಆದರೆ ಆ ದೇವತೆಗಳು ವ್ಯಾಕರಣದ ಅಭ್ಯಾಸವನ್ನೂ ಬಿಡುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಗು ಬಂತು, ಜೊತೆಗೆ ಸಿಟ್ಟೂ ಬಂತು. ಅದೆಷ್ಟು ಮಕ್ಕಳ ಅಂಕಪಟ್ಟಿಯ ಮೇಲೆ ನಾನು ಈ ಪದ ಬರೆದಿಲ್ಲ! ಮುಂದಿನ ವಾರದ ಒಳಗೆ ಬರೆದಿಡಲೇಬೇಕು ಎಂದು ಗದರಿ ಬಂದೆ.

ಮುಂದಿನ ವಾರ ಬರೆದಿಟ್ಟಿದ್ದರು: ಈ ವರ್ಷ ಯಾರೂ ಅನುತ್ತೀರ್ಣರಾಗದಿರಲಿ. ಇದು ಹಾರೈಕೆ, ವಾಕ್ಯ ಅಲ್ಲ ಎಂದೆ. ತಪ್ಪೇನಿದೆ ಎಂದು ಕೇಳಿದರು. ತಪ್ಪೇನೂ ಇರಲಿಲ್ಲ, ಅದೇ ನನ್ನ ಕಷ್ಟ. ಇನ್ನೊಂದು ಬರೆಯಿರಿ ಎಂದರೆ ಕೂತಲ್ಲೇ ಯೋಚಿಸಿ, ‘ಅನುತ್ತೀರ್ಣ ಎಂಬುದು ಒಂದು ಪದ’ ಎಂದು ಬರೆದು ನನ್ನ ಮುಖ ನೋಡಿದರು. ಹಣೆ ಚಚ್ಚಿಕೊಂಡು ಸರಿ ಗುರುತು ಹಾಕಿದೆ. ಅಣ್ಣ ಒಳಗಿನಿಂದ, “ನಿಂಗೆ ತಕ್ಕ ಸ್ಟೂಡೆಂಟು ಸಿಕ್ಕಿದಾಳೆ” ಎಂದು ನಕ್ಕ. ಅಲ್ಲಿಗೆ ಆ ಪದವನ್ನು ಬಿಟ್ಟೆ.

ಪರೀಕ್ಷೆ ಬರೆದರು. ಬಂದು, ಎಲ್ಲ ಸಲೀಸು, ಗಣಿತ ಮಾತ್ರ ದೇವರೇ ಗತಿ ಎಂದರು.

ಫಲಿತಾಂಶ ಬಂದ ದಿನ ನಾನು ನಮ್ಮ ಶಾಲೆಯಲ್ಲಿದ್ದೆ. ಅವರ ನೋಂದಣಿ ಸಂಖ್ಯೆ ನನ್ನ ಮೊಬೈಲಿನಲ್ಲೇ ಇತ್ತು. ತೆರೆದು ನೋಡಿದೆ. ಕನ್ನಡದಲ್ಲಿ ನನ್ನ ಎಷ್ಟೋ ಮಕ್ಕಳನ್ನು ನಾಚಿಸುವ ಅಂಕ. ಸಮಾಜ, ವಿಜ್ಞಾನ, ಹಿಂದಿ, ಕೊನೆಗೆ ಇಂಗ್ಲಿಷ್ ಕೂಡ ದಾಟಿದ್ದರು. ಗಣಿತ ದಾಟಿರಲಿಲ್ಲ. ಕೆಳಗೆ ಆ ಪದ ಇತ್ತು. ಅಷ್ಟು ಚಿಕ್ಕ ಅಕ್ಷರದಲ್ಲಿ ಅಷ್ಟು ಕ್ರೂರವಾಗಿ ಅದನ್ನು ಬರೆಯಬಹುದು ಎಂದು ನನಗೆ ಆವತ್ತೇ ತಿಳಿದದ್ದು.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಈ ಸಲ ತೂಕಡಿಕೆ ಬರಲಿಲ್ಲ. ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ. ಗಣಿತ ಒಂದು ಉಳಿದುಕೊಂಡಿದೆ. ಸ್ವಲ್ಪದರಲ್ಲಿ ತಪ್ಪಿತು. ಉಳಿದದ್ದೆಲ್ಲ ಚೆನ್ನಾಗಿ ಬಂದಿದೆ. ಒಂದೊಂದನ್ನೂ ಕಟ್ಟಿದೆ, ಕೆಡವಿದೆ. ನಡುವೆ ಅವರ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು, ಬ್ಯಾಗಿನೊಳಗೆ ಹಾಕಿಕೊಂಡೆ.

ಅಂಗನವಾಡಿಯಲ್ಲಿ ಮಕ್ಕಳೆಲ್ಲ ಹೋಗಿದ್ದರು, ಟೀಚರೂ ಮನೆಗೆ ಹೊರಟಿದ್ದರು. ಅತ್ತಿಗೆ ಹಿಂದಿನ ನಲ್ಲಿಯ ಹತ್ತಿರ ಸಾರಿನ ಪಾತ್ರೆ ತಿಕ್ಕುತ್ತಿದ್ದರು. ನನ್ನನ್ನು ನೋಡಿ ಕೈ ತೊಳೆದುಕೊಂಡು ಎದ್ದರು.

“ಫೋನ್ ಎತ್ತಲಿಲ್ಲ ನೀನು.”

“ಬಸ್ಸಲ್ಲಿ ಗಲಾಟೆ ಇತ್ತು ಅತ್ತಿಗೆ. ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಇಂಗ್ಲಿಷೂ ಆಗಿದೆ. ಗಣಿತ ಒಂದು, ಪೇಪರೇ ಕಷ್ಟ ಇತ್ತಂತೆ, ಎಲ್ರಿಗೂ...”

ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಮಕ್ಕಳ ಚಾಪೆಯ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

“ನಮ್ಮಮ್ಮನೂ ಹಿಂಗೇ ಮಾಡಿದ್ಲು,” ಎಂದರು. “ಆವತ್ತು ಊರಲ್ಲಿ ರಿಸಲ್ಟ್ ಬಂದಾಗ. ನಾನು ಹೋಗಿ ನೋಡ್ಲಿಲ್ಲ, ಅಪ್ಪ ನೋಡ್ಕೊಂಡು ಬಂದ್ರು. ಬಂದೋರು ಏನೂ ಹೇಳ್ಲಿಲ್ಲ. ಅಮ್ಮ ಕಡುಬು ಮಾಡಿ ಬಡಿಸಿದ್ಲು, ನಂಗೆ ಇಷ್ಟ ಅಂತ. ಪಕ್ಕದ್ಮನೆಯವ್ರು ಕೇಳೋಕೆ ಬಂದ್ರೆ, ಬಿಡ್ತು ಅನ್ನಿ ಅಂತ ಬಾಯಿ ಮುಚ್ಚಿಸಿದ್ಲು. ಪುಸ್ತಕ ಎಲ್ಲ ಅಪ್ಪ ಅಟ್ಟಕ್ಕೆ ಹಾಕಿದ್ರು, ನೋಡಿದ್ರೆ ನಂಗೆ ಬೇಜಾರಾಗುತ್ತೆ ಅಂತ. ತುಂಬಾ ಪ್ರೀತಿ ಕಣೆ ಅವ್ರಿಗೆ. ಯಾರಾದ್ರೂ ಒಬ್ರು ಬಾಯಿ ಬಿಟ್ಟು ಫೇಲಾಗಿದೀಯ ಅಂತ ಹೇಳ್ತಾರೆ, ಹೇಳಿದ್ಮೇಲೆ ಮತ್ತೆ ಕಟ್ಲಾ ಅಂತ ಕೇಳೋಣ ಅಂತ ಕಾದೆ. ಯಾರೂ ಹೇಳ್ಲೇ ಇಲ್ಲ. ಅವ್ರು ಹೇಳದೆ ನಾನು ಹೆಂಗೆ ಕೇಳ್ಲಿ? ಆಮೇಲೆ ನಿಮ್ಮಣ್ಣನ ಸಂಬಂಧ ಬಂತು.”

ಉಪ್ಪಿಟ್ಟು ತಿಂದು ಏನೂ ಕೇಳದೆ ಎದ್ದು ಬಂದವರಲ್ಲಿ ನಾನೂ ಇದ್ದೆ.

“ನೀನು ಹೇಳು,” ಎಂದರು ಅತ್ತಿಗೆ.

“ನೀವೇ ಅಲ್ವಾ ಆಗ ಬಿಡ್ತು ಅನ್ನು ಅಂದಿದ್ದು...”

“ಇಲ್ಲದ ಹುಡುಗನ ಮಾತು ಬೇರೆ. ಇದು ನಂದು. ಹೇಳು.”

ಜೀವನವಿಡೀ ವಾಕ್ಯ ಹೇಳಿಕೊಟ್ಟೇ ಸಂಬಳ ತಿಂದವಳು ನಾನು. ಅಷ್ಟು ಕಷ್ಟದ ವಾಕ್ಯ ಇನ್ನೊಂದು ಹೇಳಿಲ್ಲ.

“ಅತ್ತಿಗೆ, ನೀವು ಗಣಿತದಲ್ಲಿ ಫೇಲಾಗಿದೀರ.”

ಅವರು ತಲೆ ಆಡಿಸಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು, ಸದ್ದಿಲ್ಲದೆ, ತುಂಬ ಹೊತ್ತು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಸಮಾಧಾನ ಹೇಳಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅವರು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಮತ್ತೆ ಯಾವಾಗ ಕಟ್ಟಬಹುದು?”

“ಮುಂದಿನ ತಿಂಗಳೇ ಇದೆ,” ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೂ ಅಳು ಬಂದುಬಿಟ್ಟಿತು.