ಮೇಲೆತ್ತಿದ ಕೈ

ಬಸುರಿ ಮೊಮ್ಮಗಳು ಮೊನ್ನೆ ಹಾಲಿನ ಪುಡಿಯ ಡಬ್ಬಿ ತೆರೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದಿಂದ ಪ್ರತಿ ಮಂಗಳವಾರ ಬಸ್ಸಿಗೆ ಬರುತ್ತಿದ್ದ ನರ್ಸಮ್ಮ ಕಣ್ಣ ಮುಂದೆ ನಿಂತರು...

ಸೊರಬದ ಕಡೆಯವಳಾದ ನನ್ನನ್ನು ತೊಗರ್ಸಿಗೆ ಕೊಟ್ಟಿದ್ದರು. ಐವತ್ತರ ದಶಕದ ಕೊನೆ. ನನ್ನ ಮೊದಲ ಕೂಸು ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು, ಒಮ್ಮೆಯೂ ಅಳದೆ ಹೋಗಿತ್ತು. ಬಸುರಿ ಕೈ ಮೇಲೆತ್ತಿದರೆ ಹಾಗಾಗುತ್ತದೆ ಎಂದು ನಮ್ಮವರ ನಂಬಿಕೆ. ನಾನು ಹಗ್ಗದ ಮೇಲೆ ಸೀರೆ ಒಣಹಾಕಿದ್ದನ್ನು ಅತ್ತೆ ನೋಡಿದ್ದರು. ಎರಡನೆಯ ಸಲ ಬಸುರಾದಾಗ ಹೊಸ್ತಿಲು ದಾಟುವಂತಿಲ್ಲ, ತಲೆ ಬಾಚಿಕೊಳ್ಳಲೂ ಕೈ ಎತ್ತುವಂತಿಲ್ಲ. ಅತ್ತೆಯೇ ಬಾಚುತ್ತಿದ್ದರು. ಉಸಿರು ಕಟ್ಟುತ್ತಿತ್ತು. ಅವರು ಹೇಳುವುದೇ ನಿಜವಿದ್ದರೆ ಎಂಬ ಭಯ ಬೇರೆ.

ಹಾಲಿನ ಪುಡಿಗೆಂದು ಮಾತ್ರ ಅತ್ತೆ ಹೊರಗೆ ಬಿಡುತ್ತಿದ್ದರು. ಅದನ್ನು ಹಂಚುವ ನೆಪದಲ್ಲಿ ನರ್ಸಮ್ಮ ನಾಲ್ಕು ಜನ ಬಸುರಿಯರಾದ ನಮ್ಮನ್ನು ಶಾಲೆಯ ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡುತ್ತಿದ್ದರು. ಕೂತು ಏಳುವುದು, ಉಸಿರು ಎಳೆದು ಬಿಡುವುದು, ಆಮೇಲೆ ಕೈ ಎತ್ತುವುದು. ಮೊದಲ ದಿನ ನನ್ನ ಕೈ ಸೊಂಟ ಬಿಟ್ಟು ಮೇಲೇಳಲಿಲ್ಲ.

"ಬಳ್ಳಿ ಒಳಗೈತಿ, ಕೈ ಹೊರಗೈತಿ. ಅದಕ್ಕೂ ಇದಕ್ಕೂ ಏನ್ ಸಂಬಂಧವ್ವಾ?" ಎಂದರು.

ಮೂರನೆಯ ಮಂಗಳವಾರ ಎತ್ತಿದೆ. ಅಳುವೇ ಬಂತು. ಆ ಒಂದು ತಾಸಿಗಾಗಿ ವಾರವೆಲ್ಲ ಜೀವ ಹಿಡಿದುಕೊಂಡಿರುತ್ತಿದ್ದೆ.

ಒಂದು ದಿನ ತಡವಾಯಿತೆಂದು ಅತ್ತೆ ಹುಡುಕಿಕೊಂಡು ಬಂದರು. ಬಾಗಿಲು ತಳ್ಳಿದರೆ ಎಂಟು ಕೈಗಳೂ ಮೇಲೆ!

"ಇದನ್ನೂ ಕಳಕೊಳ್ಳಬೇಕಂತ ಮಾಡೀಯೇನು? ಯಾರು ಎತ್ತು ಅಂದ್ರು, ಹೇಳು."

"ನಾ ಒಲ್ಲೆ ಅಂದ್ರೂ ಅವರೇ ಹಿಡಿದು ಎತ್ತಿಸಿದ್ರು" ಎಂದೆ. ಅಪ್ಪಟ ಸುಳ್ಳು.

ನರ್ಸಮ್ಮ ನನ್ನನ್ನೊಮ್ಮೆ ನೋಡಿದರು. "ಹೌದ್ರೀ, ನಾನೇ ಎತ್ತಿಸಿದ್ದು. ಅಕೀನ ಬೈಬ್ಯಾಡ್ರಿ."

ಊರವರ ಬಾಯಿ ಸುಮ್ಮನಿರಲಿಲ್ಲ. ಮುಂದಿನ ಮಂಗಳವಾರದಿಂದ ಅವರು ಬರಲಿಲ್ಲ.

ಮಗ ಹುಟ್ಟಿದ. ಕೇರಿಗೆಲ್ಲ ಕೇಳುವಂತೆ ಅತ್ತ. "ನಾ ಹೋಗಿ ಬಿಡಿಸಿದ್ದಕ್ಕ ಉಳೀತು" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಶಿಕಾರಿಪುರವೇನು ದೂರವೆ? ಮಗುವನ್ನು ತೋರಿಸಿ ಒಂದು ಮಾತು ಹೇಳಿ ಬರಬಹುದಿತ್ತು... ಧೈರ್ಯ ಬರುವ ಹೊತ್ತಿಗೆ ಅವರಿಗೆ ವರ್ಗವಾಗಿತ್ತು. ಎಲ್ಲಿಗೆಂದು ಯಾರಿಗೂ ತಿಳಿಯದು.

ಮೊಮ್ಮಗಳು ಹಾಲು ಕುಡಿದು ಚಾಪೆ ಹಾಸಿದಳು. ಫೋನಿನೊಳಗೆ ಹತ್ತಾರು ಬಸುರಿಯರು ಒಟ್ಟಿಗೆ ಕೈ ಎತ್ತುತ್ತಿದ್ದರು.

"ಅಜ್ಜಿ, ನೀನೂ ಎತ್ತು" ಎಂದಳು.

ಎತ್ತಲು ಹೋದೆ. ವಯಸ್ಸಾಯಿತು ನೋಡಿ, ಕೈ ಭುಜದ ಮಟ್ಟಕ್ಕೇ ನಿಂತುಬಿಟ್ಟಿತು. ಈಗ ನಿಜಕ್ಕೂ ಯಾರಾದರೂ ಹಿಡಿದು ಎತ್ತಿಸಬೇಕಿತ್ತು. ನರ್ಸಮ್ಮ ಇಲ್ಲ.