ಬೋಳುಬಂಡೆಯ ಮೇಲೆ ನನ್ನ ಕಾಲು

ಗುಡ್ಡ ಹತ್ತುವ ಆಸೆ ನನ್ನದೇ, ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಚಾಮರಾಜನಗರದಲ್ಲಿ ಮೂವತ್ತು ವರ್ಷ ಟೀಚರಾಗಿ ಮಕ್ಕಳನ್ನು ಗದರಿದವಳು ನಾನು. ನಿವೃತ್ತಿಯಾದ ಮೇಲೆ ಗದರಲು ಉಳಿದವರು ಮಗ, ಸೊಸೆ ಇಬ್ಬರೇ. ಪುಷ್ಯದ ಚಳಿಯ ಒಂದು ಭಾನುವಾರ ಇಬ್ಬರನ್ನೂ ಬೇಗ ಎಬ್ಬಿಸಿ, ಚಿತ್ರಾನ್ನ ಕಟ್ಟಿಸಿಕೊಂಡು, ಗುಂಡ್ಲುಪೇಟೆ ಕಡೆಯ ಒಂದು ಬೋಳುಗುಡ್ಡಕ್ಕೆ ಕಾರು ಹೊರಡಿಸಿದೆ.

ಅಲ್ಲಿ ನೆರಳಿಲ್ಲ, ನೀರಿಲ್ಲ. ಕತ್ತಾಳೆ, ಮುಳ್ಳುಪೊದೆ, ಆಮೇಲೆ ಬರೀ ಬಂಡೆ. ಸೊಸೆ ಕುದೇರಿನವಳು, ಆಡು ಮೇಯಿಸಿ ಬೆಳೆದವಳು. ಬುಡದಲ್ಲೇ ಚಪ್ಪಲಿ ಬಿಟ್ಟು, "ಅತ್ತೆ, ಬಂಡೆಗೆ ಶೂ ಬ್ಯಾಡ, ಜಾರ್ತದೆ. ಬುಟ್ಬುಟ್ಟು ಬನ್ನಿ" ಅಂದಳು. ಇದಕ್ಕೆಂದೇ ಕೊಂಡ ಹೊಸ ಶೂ!

"ನನಗೆ ಪಾಠ ಹೇಳಬೇಡ" ಅಂದೆ.

ಹತ್ತುವಾಗ ಏನೂ ಆಗಲಿಲ್ಲ. ತುದಿಯಲ್ಲಿ ಕೂತು ಚಿತ್ರಾನ್ನ ತಿಂದೆವು. ಕೆಳಗೆ ಕೇರಳದ ರಸ್ತೆಯಲ್ಲಿ ಲಾರಿಗಳು, ಅದರಾಚೆ ಮಂಜಿನಲ್ಲಿ ನೀಲಿ ಬೆಟ್ಟಸಾಲು. ಎಂಥ ಚೆಂದ ಅಂತೀರಿ! ಇಳಿಯುವಾಗ ನಡುಬಂಡೆಯಲ್ಲಿ ಶೂ ಒಂದು ಗೇಣು ಜಾರಿತು, ಅಷ್ಟೇ. ಧೊಪ್ಪನೆ ಕೂತೆ. ಆಮೇಲೆ ಕಾಲು ನನ್ನ ಮಾತೇ ಕೇಳಲಿಲ್ಲ. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಬರಲಾರೆ. ಆಗಲೇ ಕಾರಿನ ಹತ್ತಿರ ತಲುಪಿದ್ದ ಮಗ, "ಧೈರ್ಯ ತಂದ್ಕೊಮ್ಮ, ಏನೂ ಆಗಲ್ಲ" ಎಂದು ಕೂಗುತ್ತಿದ್ದ. ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದು ಬಾಯಿ ತೆರೆದರೆ ಬಂದದ್ದು ಅಳು. ಜಾರಿದರೆ ಮೂಳೆಯೂ ಸಿಗುವುದಿಲ್ಲ ಎಂದುಕೊಂಡು, ಉಗುರಿನಿಂದ ಬಂಡೆ ಕೆರೆಯುತ್ತ ಎಷ್ಟು ಹೊತ್ತು ಕೂತಿದ್ದೆನೋ.

ತುದಿಯಲ್ಲಿ ಬುತ್ತಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹಿಂದೆ ಬರುತ್ತಿದ್ದ ಸೊಸೆ ಸರಸರನೆ ನನ್ನ ಕೆಳಗಡೆಗೆ ಇಳಿದು ನಿಂತಳು. "ಎದ್ರಕಬ್ಯಾಡಿ ಅತ್ತೆ. ಕೆಳಕ್ ನೋಡ್ಬ್ಯಾಡಿ. ಕಾಲ ನನ್ ಕೈಗ್ ಕೊಡಿ."

ಶೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಬಂಡೆಯಲ್ಲಿ ತಗ್ಗು ಹುಡುಕಿ ಇಟ್ಟಳು. "ಇಲ್ಲೂರಿ. ಊಂ. ಈಗ ಆ ಕಾಲು."

ಮಗ ಇವಳನ್ನು ತಾನೇ ಮೆಚ್ಚಿ ಮದುವೆಯಾದ. ನನಗೆ ಸುತರಾಂ ಇಷ್ಟವಿರಲಿಲ್ಲ. ಧಾರೆಯ ದಿನ ಇವಳು ನಮಸ್ಕಾರಕ್ಕೆ ಬಗ್ಗಿದಾಗ, ಎಲ್ಲರೆದುರಿಗೇ ಕಾಲು ಹಿಂದಕ್ಕೆ ಎಳೆದುಕೊಂಡಿದ್ದೆ. ಆಮೇಲೆ ಅವಳು ಒಂದು ಹಬ್ಬದಲ್ಲೂ ನನ್ನ ಕಾಲು ಮುಟ್ಟಿರಲಿಲ್ಲ. ಈಗ ಎಳೆದುಕೊಂಡರೆ ಇಬ್ಬರೂ ಬೀಳುತ್ತಿದ್ದೆವು.

ಬುಡ ಮುಟ್ಟಿದಾಗ ಮಾತಿಗೆ ತಡಕಾಡಿದೆ. "ನೋಡಮ್ಮ, ಆವತ್ತು ಮದುವೇಲಿ ನಾನು..."

"ಬುಡಿ ಅತ್ತೆ. ಇಲ್ಲಿ ಮುಳ್ಳವೆ, ಶೂ ಆಕ್ಕಳಿ" ಅಂದಳು, ನನ್ನ ಮುಖ ನೋಡದೆ.

ಲೇಸು ಕಟ್ಟಲು ಹೋದೆ, ಗಂಟು ಬೀಳಲೇ ಇಲ್ಲ. ಅದನ್ನೂ ಅವಳೇ ಬಗ್ಗಿ ಕಟ್ಟಿದಳು.