ಮೇಡಂ ಆರಿಸಿದ ಸ್ವಿಚ್ಚು

ಮೊನ್ನೆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಾಗ ಕರೆಂಟು ಹೋಯಿತು. ಮೇಜಿನ ಡ್ರಾಯರಿನಲ್ಲಿ ಟಾರ್ಚು ಹುಡುಕುವಾಗ ಗೇಣುದ್ದದ ಪ್ಲಾಸ್ಟಿಕ್ ಬೋರ್ಡೊಂದು ಕೈಗೆ ಸಿಕ್ಕಿತು. ಎರಡೂ ತುದಿಗೆ ಸ್ಕ್ರೂ ತೂತು, ನಡುವೆ ‘ಪ್ರೋಗ್ರಾಮರ್’ ಎಂಬ ಅಕ್ಷರ...

ತೊಂಬತ್ತರ ದಶಕದಲ್ಲಿ ಪಾಂಡವಪುರದ ಗೊಬ್ಬರದಂಗಡಿಯೊಂದರ ಮಹಡಿಯಲ್ಲಿ ನಮ್ಮ ಪುಟ್ಟ ಕಂಪ್ಯೂಟರ್ ಆಫೀಸಿತ್ತು. ಅಕ್ಕಿ ಗಿರಣಿ, ಹಾಲಿನ ಡೈರಿಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದೆವು. ನನ್ನ ಮೇಜಿಗೆ ‘ಟ್ರೈನಿ’ ಎಂಬ ಬೋರ್ಡು. ಎದುರು ಮೇಜಿಗೆ ‘ಸೀನಿಯರ್ ಪ್ರೋಗ್ರಾಮರ್’. ಅಲ್ಲಿ ಕೂರುತ್ತಿದ್ದವರು ಮೇಡಂ, ಬೂಕನಕೆರೆ ಕಡೆಯವರು. ಯಾರ ಬೋರ್ಡು ಯಾವಾಗ ಬದಲಾಗಬೇಕೆಂದು ಅವರೇ ಹೇಳಬೇಕು. ಎರಡು ವರ್ಷವಾದರೂ ನನ್ನದು ಬದಲಾಗಿರಲಿಲ್ಲ. ಮನೆಯಲ್ಲಿ ಅಪ್ಪ ಕೇಳುವುದನ್ನೇ ಬಿಟ್ಟಿದ್ದರು. ಸೀನಿಯರ್ ಎಂದರೆ ಹೆಚ್ಚು ವರ್ಷ ದುಡಿದವರು, ಅಷ್ಟೇ ಎಂದುಕೊಂಡಿದ್ದೆ.

ಹೊಣಕೆರೆ ಹತ್ತಿರದ ಒಂದು ಡೈರಿಗೆ, ಯಾರು ಎಷ್ಟು ಹಾಲು ಹಾಕಿದರೆಂದು ಲೆಕ್ಕವಿಡುವ ಪ್ರೋಗ್ರಾಂ ನಾನು ಬರೆದೆ. ಪರೀಕ್ಷೆಗೆಂದು ಮೇಡಂ ನನ್ನನ್ನು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೇ ಕರೆದೊಯ್ದರು. ಕ್ಯಾನು ಹಿಡಿದವರ ಸಾಲು ಅರ್ಧ ಸಾಗಿತ್ತು. ಮೇಡಂ ಗೋಡೆಯ ಮೇಲಿದ್ದ ಕಂಪ್ಯೂಟರಿನ ಸ್ವಿಚ್ಚು ಆರಿಸಿಬಿಟ್ಟರು. ಮತ್ತೆ ಹಾಕಿದಾಗ ಅಷ್ಟು ಹೊತ್ತು ಬರೆದದ್ದೆಲ್ಲ ಮಾಯ!

“ಏನವ್ವಾ, ನಮ್ ಹಾಲ್ನೆಲ್ಲ ನಿನ್ ಡಬ್ಬನೇ ಕುಡ್ಕೊಬುಡ್ತಾ?” ಎಂದ ಒಬ್ಬ ಅಜ್ಜ. ಸಾಲೆಲ್ಲ ನಕ್ಕಿತು.

ಮೇಡಂ ನನ್ನ ಕಡೆ ಬೆರಳು ತೋರಿಸುತ್ತಾರೆಂದು ತಲೆ ತಗ್ಗಿಸಿ ನಿಂತೆ.

“ತಪ್ಪು ನಂದು ಕಣಜ್ಜ,” ಎಂದರು. “ಕರೆಂಟು ಹೋದ್ರೂ ನಿಮ್ ಲೆಕ್ಕ ಉಳೀಬೇಕು. ಅಂಗ್ ಮಾಡ್ಕೊಂಡೇ ಬತ್ತೀನಿ. ಅಲ್ಲೀಗಂಟ ಬುಕ್ಕಲ್ಲೇ ಬರೀಲಿ.”

ವಾಪಸು ಬರುವಾಗ ಬಸ್ಸಿನಲ್ಲೂ ಮೇಡಂ ಬೈಯಲಿಲ್ಲ. “ಓಡೋ ಪ್ರೋಗ್ರಾಮ್ನ ಟ್ರೈನಿನೂ ಬರೀತಾನೆ ಕಣಯ್ಯ. ಕರೆಂಟು ಹೋದ್ಮೇಲೂ ಉಳ್ಯಂಗೆ ಬರ್ದೋನು ಪ್ರೋಗ್ರಾಮರ್ರು.” ಸೀನಿಯರ್ ಯಾರೆಂದು ಹೇಳಲಿಲ್ಲ. ಆ ಸಾಲಿನ ಮುಂದೆ ಅವರು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೆ...

ಮತ್ತೆ ಬರೆದುಕೊಂಡು ಹೋದೆವು. ಈ ಸಲ ಅಜ್ಜನೇ “ತಡಿ, ನಾನ್ ಆರಿಸ್ತೀನಿ” ಎಂದು ಸ್ವಿಚ್ಚು ತಟ್ಟಿದ. ಕಂಪ್ಯೂಟರು ಮತ್ತೆ ಎದ್ದಾಗ ಬರೆದು ಮುಗಿದದ್ದೆಲ್ಲ ಹಾಗೇ ಇತ್ತು.

“ಎಲ್ಲಾರ್ದೂ ಅದೆ, ನಂದೇ ಇಲ್ವಲ್ಲಾ!” ಎಂದ ಅಜ್ಜ.

“ನಿಂದು ಬರ್ಯೋವಾಗ್ಲೇ ಆರಿಸ್ಬುಟ್ಟಲ್ಲಜ್ಜ!” ಎಂದು ಮೇಡಂ ನಕ್ಕರು. ಮಧ್ಯಾಹ್ನ ಆಫೀಸಿಗೆ ಬಂದವರೇ ಸ್ಕ್ರೂಡ್ರೈವರ್ ಹಿಡಿದು ನನ್ನ ಬೋರ್ಡು ತಾವೇ ಬದಲಿಸಿದರು.

ಮುಂದೆ ನಾನೂ ಸೀನಿಯರ್ ಆದೆ. ಕೆಲಸ ಕೆಟ್ಟಾಗ ಹುಡುಗರು ತಲೆ ತಗ್ಗಿಸಿ ನಿಂತರೆ, ಆ ಡೈರಿಯ ಸಾಲೇ ಕಣ್ಣಮುಂದೆ ಬರುತ್ತಿತ್ತು. ಹೋದ ತಿಂಗಳು ಮೇಡಂ ತೀರಿಕೊಂಡರು.

ಬೋರ್ಡು ಕೈಯಲ್ಲಿದ್ದಂತೆಯೇ ಕರೆಂಟು ಬಂತು. ಮಾಡಿದ ಕೆಲಸವೆಲ್ಲ ಇತ್ತು. ಕೊನೆಯ ಅರ್ಧ ಸಾಲು ಮಾತ್ರ ಹೋಗಿತ್ತು. ಹೇಳಿದ್ದರೆ ಮೇಡಂ ನಗುತ್ತಿದ್ದರು... ಹೇಳೋಣವೆಂದರೆ ಅವರಿಲ್ಲ.